ನಿಯಮ ಎಲ್ಲರಿಗೂ ಒಂದೇ ಆದ ಮೇಲೆ ಅನ್ಯಾಯ ಎಲ್ಲಿಂದ ಬಂತು?

ಪ್ರಶ್ನೆ: ಕೇರಳದಲ್ಲಿ ಬಾಳುವವರಿಗೆಲ್ಲ ಒಂದೇ ನಿಯಮ ಇದ್ದರೆ ಅದಕ್ಕಿಂತ ದೊಡ್ಡ ನ್ಯಾಯ ಯಾವುದು? ಕಾಸರಗೋಡಿನ ಕನ್ನಡಿಗರು ಕನ್ನಡದಲ್ಲೇ ಅರ್ಜಿ ನಮೂನೆ, ಕನ್ನಡದಲ್ಲೇ ಪ್ರಶ್ನೆಪತ್ರಿಕೆ ಬೇಕೆನ್ನುವಾಗ ಕೇಳುತ್ತಿರುವುದು ನ್ಯಾಯವನ್ನೋ, ರಿಯಾಯಿತಿಯನ್ನೋ?

ಉತ್ತರ: ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗೆ ಈ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುವವರು ಹೆಚ್ಚಾಗಿ ನಮ್ಮ ಮನೆಗಳ ಎಳೆಯರೇ. ಮಲಯಾಳವನ್ನು ಸಲೀಸಾಗಿ ಓದಿ ಬರೆಯಬಲ್ಲ ಅವರಿಗೆ ಹಿರಿಯರ ದೂರು ಅತಿಯಾಯಿತು ಎನ್ನಿಸಿದರೆ ಆಶ್ಚರ್ಯವಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಸರಕಾರಿ ಕಚೇರಿಯ ಬೆಂಚಿನಲ್ಲಿ ನನ್ನ ಪಕ್ಕ ಕುಳಿತಿದ್ದ ಅಜ್ಜರೊಬ್ಬರು ಪಿಂಚಣಿಯ ಅರ್ಜಿಯನ್ನು ಕಣ್ಣಿನಿಂದ ದೂರ ಹಿಡಿದು, ಮತ್ತೆ ಹತ್ತಿರ ತಂದು, ಕೊನೆಗೆ ನನ್ನತ್ತ ಚಾಚಿ, ‘ಇದರಲ್ಲಿ ಎಂತ ಬರೆದುಂಟು ಮಾರಾಯ್ರೆ?’ ಎಂದು ಕೇಳಿದರು. ನಮೂನೆ ಮಲಯಾಳದಲ್ಲಿತ್ತು. ತಿರುವನಂತಪುರದ ಅಜ್ಜನಿಗೂ ಅದೇ ನಮೂನೆ. ಆ ಅಜ್ಜ ತಾನೇ ತುಂಬುತ್ತಾನೆ. ಈ ಅಜ್ಜ ಓದಬಲ್ಲವರನ್ನು ಹುಡುಕುತ್ತಾನೆ. ನಿಯಮದಲ್ಲಿ ಕೂದಲೆಳೆಯ ವ್ಯತ್ಯಾಸವಿಲ್ಲ.

ಇಂಥ ಸಂದರ್ಭದಲ್ಲಿ ‘ಸಮಾನತೆ ಬೇಕೇ ಬೇಡವೇ’ ಎಂದು ಕೇಳುತ್ತ ಕುಳಿತರೆ ಉತ್ತರ ಸಿಗುವುದಿಲ್ಲ, ಏಕೆಂದರೆ ಅದು ಬೇಡ ಎಂದು ಹೇಳುವ ಗಂಭೀರ ಸಿದ್ಧಾಂತ ಇಂದು ಯಾವುದೂ ಇಲ್ಲ. 1979ರಲ್ಲಿ ಅಮರ್ತ್ಯ ಸೇನ್ ಉಪನ್ಯಾಸವೊಂದರಲ್ಲಿ ಕೇಳಿದ ಪ್ರಶ್ನೆ ಬೇರೆ: ಸಮಾನತೆ ಹೌದು, ಆದರೆ ಯಾವುದರ ಸಮಾನತೆ? ನ್ಯಾಯದ ಬಗ್ಗೆ ತತ್ತ್ವಶಾಸ್ತ್ರಜ್ಞರ ನಡುವಿನ ಜಗಳದ ಬಹುಪಾಲು ಈ ಒಂದು ಗಂಟಿನಲ್ಲಿದೆ.

ಬೆಂಥಮ್, ಮಿಲ್ ಮೊದಲಾದ ಉಪಯುಕ್ತತಾವಾದಿಗಳ ಲೆಕ್ಕದಲ್ಲಿ ಸಮನಾಗಬೇಕಾದದ್ದು ಎಣಿಕೆ. ಯಾರ ಸುಖವೇ ಆಗಲಿ, ದುಃಖವೇ ಆಗಲಿ, ಒಂದನ್ನು ಒಂದೆಂದೇ ಎಣಿಸಿ, ಕೂಡಿಸಿ, ಒಟ್ಟು ಮೊತ್ತ ಹೆಚ್ಚಾಗುವ ದಾರಿಯನ್ನು ಹಿಡಿಯಬೇಕು. ಕೇಳಲು ಚೆನ್ನಾಗಿದೆ. ಆದರೆ 3 ಕೋಟಿಗೂ ಮಿಕ್ಕ ಜನರಿರುವ ರಾಜ್ಯದಲ್ಲಿ, ಉತ್ತರದ ಮೂಲೆಯ ಕೆಲವು ಪಂಚಾಯತುಗಳಿಗಾಗಿ ಬೇರೆ ನಮೂನೆ ಅಚ್ಚು ಹಾಕಿಸುವ ಖರ್ಚು ಮತ್ತು ತೊಡಕನ್ನು ಈ ತಕ್ಕಡಿಯಲ್ಲಿಟ್ಟರೆ ನಮ್ಮ ಅಜ್ಜನ ತಟ್ಟೆ ಮೇಲೇಳುವ ಸಂಭವವೇ ಹೆಚ್ಚು.

ಅಮೆರಿಕದ ತತ್ತ್ವಶಾಸ್ತ್ರಜ್ಞ ರಾಬರ್ಟ್ ನೋಝಿಕ್ ವಾದ ನಮ್ಮ ಎಣ್ಮಕಜೆ, ಬಾಯಾರು ಕಡೆಯ ನೀರಿನ ಸುರಂಗಗಳನ್ನು ನೋಡಿದವರಿಗೆ ಬೇಗ ಅರ್ಥವಾಗುತ್ತದೆ. ಒಬ್ಬ ಮನುಷ್ಯ ನುಸುಳುವಷ್ಟು ಅಗಲಕ್ಕೆ ಮುರಕಲ್ಲನ್ನು ಪಿಕ್ಕಾಸಿನಿಂದ ಕಡಿದು, ಮಣ್ಣನ್ನು ಬುಟ್ಟಿ ಬುಟ್ಟಿಯಾಗಿ ಹೊರಗೆ ಸಾಗಿಸಿ, ಒಳಗಿನ ದೀಪ ಮಂಕಾದರೆ ಉಸಿರಿಗೆ ಗಾಳಿ ಸಾಲದೆಂದು ತಿಳಿದು ಹಿಂದಿರುಗಿ, ಕೋಲು ಕೋಲಾಗಿ ಗುಡ್ಡದೊಳಕ್ಕೆ ಹೋದರೆ ಒಂದು ದಿನ ನೀರು ಜಿನುಗುತ್ತದೆ. ಪಂಪಿನ ಹಂಗಿಲ್ಲದೆ ತಾನಾಗಿ ಹರಿದು ಅಂಗಳಕ್ಕೆ ಬರುತ್ತದೆ. ಸಿಗದೆಯೂ ಹೋಗಬಹುದು. ಹೀಗೆ ಪಡೆದ ನೀರು ಕಡಿಸಿದವನದ್ದೇ ಎಂಬುದು ನೋಝಿಕ್ 1974ರಲ್ಲಿ ಮಂಡಿಸಿದ ನಿಲುವಿನ ತಿರುಳು. ಒಡೆತನ ಸರಿಯಾದ ದಾರಿಯಲ್ಲಿ ಬಂದು ಸರಿಯಾದ ದಾರಿಯಲ್ಲಿ ಕೈಬದಲಾಗಿದ್ದರೆ, ಕೊನೆಗೆ ಯಾರ ಪಾಲು ಎಷ್ಟಾಯಿತು ಎಂದು ಅಳೆದು ಹಂಚುವ ಅಧಿಕಾರ ಸರಕಾರಕ್ಕಿಲ್ಲ. ಸಮನಾಗಿರಬೇಕಾದದ್ದು ಹಕ್ಕು, ಫಲವಲ್ಲ. ಇಷ್ಟು ಗಟ್ಟಿಯಾಗಿ ಹೇಳಿದವನು ಕೂಡ ಒಂದು ಕಡೆ ಹಿಡಿತ ಸಡಿಲಿಸಿದ್ದಾನೆ: ಮರುಭೂಮಿಯ ಉಳಿದ ನೀರಿನ ಗುಂಡಿಗಳೆಲ್ಲ ಒಣಗಿ ಒಬ್ಬನದು ಮಾತ್ರ ಉಳಿದರೆ, ಅದು ಅವನ ತಪ್ಪಿನಿಂದ ಆದದ್ದಲ್ಲದಿದ್ದರೂ, ಅವನು ಬಾಯಿಗೆ ಬಂದ ಬೆಲೆ ಕೇಳುವಂತಿಲ್ಲ. ಎಪ್ರಿಲ್ ತಿಂಗಳಲ್ಲಿ ನೆರೆಮನೆಯವರ ಕೊಡಪಾನಕ್ಕೆ ತನ್ನ ಸುರಂಗದ ನೀರು ಬಿಟ್ಟ ಯಾವ ಕೃಷಿಕನೂ ನೋಝಿಕ್‌ನನ್ನು ಓದಿ ಬಿಟ್ಟವನಲ್ಲ ಎಂಬುದು ಬೇರೆ ಮಾತು.

ಅಮೆರಿಕದವರೇ ಆದ ತತ್ತ್ವಶಾಸ್ತ್ರಜ್ಞ ಜಾನ್ ರಾಲ್ಸ್ 1971ರಲ್ಲಿ ಇದಕ್ಕೆ ಇನ್ನೊಂದೇ ದಾರಿ ತೋರಿಸಿದ್ದರು. ಗುಡ್ಡದ ನೆತ್ತಿಯಲ್ಲಿ ಹುಟ್ಟುತ್ತೀರೋ ಬುಡದಲ್ಲೋ, ಯಾವ ಜಾತಿಯಲ್ಲೋ, ಯಾವ ಮಾತಿನ ಮನೆಯಲ್ಲೋ ನಿಮಗೆ ಗೊತ್ತಿಲ್ಲ. ಕಣ್ಣ ಮುಂದೆ ಅರಿಯಮೆಯ ಪರದೆ ಇಳಿದಿದೆ. ಆಗ ಸಮಾಜಕ್ಕೆ ಎಂಥ ಕಟ್ಟಳೆಯನ್ನು ಒಪ್ಪುತ್ತೀರಿ? ಎಲ್ಲರಿಗೂ ಸಮನಾದ ಮೂಲ ಸ್ವಾತಂತ್ರ್ಯ, ಹುದ್ದೆ ಸ್ಥಾನಗಳಲ್ಲಿ ನಿಜವಾದ ಸಮಾನ ಅವಕಾಶ, ಆಮೇಲೆ ಉಳಿಯುವ ಆರ್ಥಿಕ ಅಸಮಾನತೆ ಎಲ್ಲರಿಗಿಂತ ಕೆಳಗಿರುವವನಿಗೆ ಹೆಚ್ಚು ಅನುಕೂಲವಾಗುವಂತಿದ್ದರೆ ಮಾತ್ರ ಅದಕ್ಕೆ ಸಮ್ಮತಿ ಎಂಬುದು ರಾಲ್ಸ್ ಕೊಟ್ಟ ಉತ್ತರ.

ಈ ಪರದೆ ನಮಗೆ ಅನುಕೂಲವಾದಾಗ ಮಾತ್ರ ಇಳಿಯುವಂಥದ್ದಲ್ಲ. 1970ರ ಜನವರಿ 1ರಂದು ಕೇರಳದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದಾಗ ಗೇಣಿ ಪದ್ಧತಿ ಕೊನೆಗೊಂಡು ಒಕ್ಕಲುಗಳು ಒಡೆಯರಾದರು. ಇಲ್ಲಿನ ಕನ್ನಡ ಬಲ್ಲ ಅನೇಕ ದೊಡ್ಡ ಮನೆಗಳ ಜಮೀನು ಕರಗಿತು. ಆ ಮನೆಗಳ ಚಾವಡಿಯಲ್ಲಿ ಅದನ್ನು ಅನ್ಯಾಯವೆಂದು ಹೇಳಿದ್ದನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಚಾವಡಿಯಲ್ಲಿ ಹುಟ್ಟುತ್ತೇನೋ ಗದ್ದೆಯ ಬದುವಿನಲ್ಲೋ ಎಂದು ತಿಳಿಯದೆ ತೀರ್ಪು ಕೊಡಬೇಕಾಗಿದ್ದರೆ ಅದೇ ಮಾತನ್ನು ಎಷ್ಟು ಜನ ಹೇಳುತ್ತಿದ್ದರು ಎಂಬ ಸಂಶಯ ನನಗಿದೆ. ಅರ್ಜಿ ನಮೂನೆಯ ವಿಷಯದಲ್ಲಿ ರಾಲ್ಸ್ ನಮ್ಮ ಬೆಂಬಲಕ್ಕೆ ಬರುತ್ತಾರೆಂದು ಹಿಗ್ಗುವವರು ಇದನ್ನೂ ಜೊತೆಗೆ ನುಂಗಿಕೊಳ್ಳಬೇಕು.

ಇನ್ನು ಭಾಷೆಯ ಪ್ರಶ್ನೆಗೆ ನೇರವಾಗಿ ಬರೋಣ. ಧರ್ಮದ ವಿಷಯದಲ್ಲಿ ಸರಕಾರ ಯಾವ ಪಕ್ಷವನ್ನೂ ಹಿಡಿಯದೆ ದೂರ ನಿಲ್ಲಬಹುದು; ಭಾಷೆಯ ವಿಷಯದಲ್ಲಿ ಹಾಗೆ ನಿಲ್ಲಲಾಗದು, ಏಕೆಂದರೆ ರಶೀದಿಯನ್ನು ಯಾವುದಾದರೂ ಒಂದು ಭಾಷೆಯಲ್ಲಿ ಬರೆಯಲೇಬೇಕು. ಕೆನಡಾದ ವಿಲ್ ಕಿಮ್ಲಿಕಾ 1995ರಲ್ಲಿ ಈ ವಾದವನ್ನು ವಿಸ್ತರಿಸಿ, ತಾವಾಗಿ ವಲಸೆ ಬಂದವರಿಗೂ, ನೆಲದ ಸಮೇತ ಇನ್ನೊಂದು ವ್ಯವಸ್ಥೆಗೆ ಸೇರಿಸಲ್ಪಟ್ಟವರಿಗೂ ವ್ಯತ್ಯಾಸ ಮಾಡಿದರು. ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಆ ದಿನ ಇಲ್ಲಿ ಯಾರೂ ಮನೆ ಬದಲಿಸಲಿಲ್ಲ. ಚಂದ್ರಗಿರಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಗಡಿ ವಿವಾದಕ್ಕಾಗಿ ಕೇಂದ್ರ ಸರಕಾರ ನೇಮಿಸಿದ್ದ ಮಹಾಜನ ಆಯೋಗ ಹೇಳಿದ್ದು ಜಾರಿಗೆ ಬರಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಕತೆ. ಅದಕ್ಕಿಂತ ಕಡಿಮೆ ಗಮನಕ್ಕೆ ಬಂದಿರುವ ಸಂಗತಿಯೆಂದರೆ, ರಾಜ್ಯಗಳ ಮರುವಿಂಗಡಣೆಗೆ ದಾರಿ ಮಾಡಿದ ಸಂವಿಧಾನದ 7ನೇ ತಿದ್ದುಪಡಿಯೇ 350ಎ ವಿಧಿಯನ್ನೂ ಸೇರಿಸಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕು ಎನ್ನುವ ವಿಧಿ ಅದು. ಗೆರೆ ಎಳೆದ ಕೈಗೆ ಗೆರೆಯ ಆಚೆ ಉಳಿಯುವವರು ಯಾರೆಂದು ತಿಳಿದಿತ್ತು. ಆದ್ದರಿಂದ ಇದನ್ನು ರಿಯಾಯಿತಿ ಎನ್ನಲು ನನಗೆ ಮನಸ್ಸಿಲ್ಲ.

‘ಎಲ್ಲರಿಗೂ ಒಂದೇ’ ಎಂಬ ವಾದ ನ್ಯಾಯಾಲಯದ ಕಟ್ಟೆ ಹತ್ತಿದ ಹಳೆಯ ಪ್ರಕರಣವೊಂದಿದೆ. ಅಲ್ಬೇನಿಯಾ ಸರಕಾರ ದೇಶದ ಖಾಸಗಿ ಶಾಲೆಗಳನ್ನೆಲ್ಲ ಮುಚ್ಚಿದಾಗ ಗ್ರೀಕ್ ಅಲ್ಪಸಂಖ್ಯಾತರು ದೂರಿದರು. ಬಹುಸಂಖ್ಯಾತರ ಶಾಲೆಗಳನ್ನೂ ಮುಚ್ಚಿದ್ದೇವೆ, ತಾರತಮ್ಯ ಎಲ್ಲಿದೆ ಎಂದು ಸರಕಾರ ಕೇಳಿತು. 1935ರಲ್ಲಿ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯ ಈ ಸಮರ್ಥನೆಯನ್ನು ಒಪ್ಪಲಿಲ್ಲ. ಬಹುಸಂಖ್ಯಾತರ ಮಗುವಿಗೆ ಸರಕಾರಿ ಶಾಲೆ ಉಳಿಯುತ್ತದೆ, ಅಲ್ಪಸಂಖ್ಯಾತರ ಮಗುವಿಗೆ ತನ್ನದೆನ್ನುವ ಶಾಲೆಯೇ ಇಲ್ಲವಾಗುತ್ತದೆ. ಕಾನೂನಿನಲ್ಲಿ ಸಮಾನತೆ ಇದ್ದರೆ ಸಾಲದು, ವಾಸ್ತವದಲ್ಲೂ ಇರಬೇಕು ಎಂಬುದು ಅದರ ಅಭಿಪ್ರಾಯವಾಗಿತ್ತು.

ಎದುರು ವಾದವೂ ಹಗುರವಲ್ಲ. ಬ್ರಿಟನ್ನಿನ ಬ್ರಯಾನ್ ಬ್ಯಾರಿ 2001ರಲ್ಲಿ ಕೇಳಿದರು: ನಿಯಮಕ್ಕೆ ತಕ್ಕ ಕಾರಣವಿದ್ದರೆ ಅದು ಎಲ್ಲರಿಗೂ ಇರಲಿ, ಇಲ್ಲದಿದ್ದರೆ ಎಲ್ಲರಿಗೂ ಹೋಗಲಿ, ನಿಯಮವನ್ನು ಇಟ್ಟುಕೊಂಡು ಗುಂಪಿಗೊಂದು ವಿನಾಯಿತಿ ಕೊಡುತ್ತ ಹೋದರೆ ಎಲ್ಲಿ ನಿಲ್ಲಿಸುತ್ತೀರಿ? ಸಪ್ತಭಾಷಾ ಸಂಗಮ ಎಂದು ಹೆಮ್ಮೆಪಡುವ ಈ ನೆಲದಲ್ಲಿ ಅದು ಬರಿಯ ತರ್ಕವಲ್ಲ. ಕನ್ನಡ ಶಾಲೆಯ ಒಂದನೇ ತರಗತಿಯ ಬೆಂಚಿನಲ್ಲಿ ಕುಳಿತ ತುಳು, ಬ್ಯಾರಿ, ಕೊಂಕಣಿ, ಮರಾಟಿ, ಕೊರಗ ಮನೆಗಳ ಮಕ್ಕಳಿಗೆ ಕನ್ನಡವೂ ಶಾಲೆಗೆ ಬಂದ ಮೇಲೆ ಕಲಿಯುವ ಭಾಷೆ. 350ಎ ವಿಧಿಯನ್ನು ನಾವು ಕೇರಳ ಸರಕಾರದ ಮುಂದೆ ಹಿಡಿಯುವ ಹಾಗೆ ಆ ಮಗು ನಮ್ಮ ಮುಂದೆ ಹಿಡಿದರೆ, ಭಾಷೆಗೆ ಲಿಪಿಯಿಲ್ಲ, ಪುಸ್ತಕವಿಲ್ಲ, ಶಿಕ್ಷಕರಿಲ್ಲ ಎನ್ನುತ್ತೇವೆ. ಖರ್ಚು ಮತ್ತು ತೊಡಕಿನ ಅದೇ ತಕ್ಕಡಿಯನ್ನು ಈ ಸಲ ನಾವು ಹಿಡಿದಿರುತ್ತೇವೆ.

ಆ ದಿನ ಅಕ್ಷರ ಕೂಡಿಸಿ ಓದಿ, ಅಜ್ಜನ ಅರ್ಜಿಯನ್ನು ಹೇಗೋ ತುಂಬಿಸಿ ಕೊಟ್ಟೆ. ಕನ್ನಡದಲ್ಲಿ ಇದ್ದಿದ್ದರೆ ನೀವೇ ಬರೆಯುತ್ತಿದ್ದಿರಿ ಅಲ್ಲವೇ ಎಂದಾಗ ಅವರು ತಲೆಯಾಡಿಸಿ, ‘ಐದನೇವರೆಗೆ ಶಾಲೆಗೆ ಹೋಗಿದ್ದೇನೆ, ಬರೆಯುತ್ತೇನೆ. ಮನೆಯಲ್ಲಿ ಮಾತ್ರ ತುಳುವೇ’ ಎಂದು ಹೇಳಿ, ಸಹಿ ಮಾಡಬೇಕಾದ ಜಾಗ ಯಾವುದೆಂದು ಕೇಳಿದರು.