ಎಸ್‌ಪಿಜಿಗೆ ಅರ್ಜಿ ಯಾವಾಗ ಕರೆಯುತ್ತಾರೆ?

ಪ್ರಶ್ನೆ: ದೊಡ್ಡ ನಾಯಕರ ಅಂಗರಕ್ಷಕನಾಗಬೇಕೆಂಬುದು ನನ್ನ ಆಸೆ. ಪಿಯುಸಿ ಮುಗಿದಿದೆ, ಎತ್ತರ ಆರಡಿ. ಎಸ್‌ಪಿಜಿ ಅಥವಾ ಬ್ಲ್ಯಾಕ್ ಕ್ಯಾಟ್ ಕಮಾಂಡೊ ಹುದ್ದೆಗೆ ಅರ್ಜಿ ಯಾವಾಗ ಕರೆಯುತ್ತಾರೆ?

ಉತ್ತರ: ಕರೆಯುವುದಿಲ್ಲ. ಈ ವರ್ಷವೂ ಇಲ್ಲ, ಮುಂದಿನ ವರ್ಷವೂ ಇಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕ ಇಟ್ಟಿಲ್ಲ. ಪರೀಕ್ಷೆಯ ಫಲಿತಾಂಶ ಬಂದ ಮರುವಾರವೇ ಇದು ತಪ್ಪದೆ ಬರುತ್ತದೆ. ಈ ಸಲ ಬೇರುಸಮೇತ ಕಿತ್ತುಬಿಡೋಣ.

ಪ್ರಧಾನಿಯನ್ನು ಕಾಯುವ ಸ್ಪೆಷಲ್ ಪ್ರೊಟೆಕ್ಷನ್ ಗ್ರೂಪ್‌ಗೆ, ಅಂದರೆ ಎಸ್‌ಪಿಜಿಗೆ, ಹೊರಗಿನಿಂದ ನೇರ ನೇಮಕಾತಿ ಇಲ್ಲ. ಸಿಆರ್‌ಪಿಎಫ್, ಬಿಎಸ್‌ಎಫ್, ಸಿಐಎಸ್‌ಎಫ್, ಐಟಿಬಿಪಿಯಂತಹ ಕೇಂದ್ರ ಪೊಲೀಸ್ ಪಡೆಗಳಲ್ಲಿ ಆಗಲೇ ದುಡಿಯುತ್ತಿರುವವರನ್ನು ಆಯ್ದು ಎರವಲು ಸೇವೆಯ ಮೇಲೆ ಕರೆಸಿಕೊಳ್ಳುತ್ತಾರೆ. ಅವಧಿ ಮುಗಿದ ಮೇಲೆ ಅವರು ಮಾತೃ ಇಲಾಖೆಗೆ ಮರಳುತ್ತಾರೆ. ಬ್ಲ್ಯಾಕ್ ಕ್ಯಾಟ್ ಎನ್ನುವ ರಾಷ್ಟ್ರೀಯ ಭದ್ರತಾ ಪಡೆಯದೂ, ಅಂದರೆ ಎನ್‌ಎಸ್‌ಜಿಯದೂ, ಅದೇ ಕ್ರಮ: ಸೇನೆಯಿಂದ ಕೆಲವರು, ಪೊಲೀಸ್ ಪಡೆಗಳಿಂದ ಕೆಲವರು. ಅದೂ ಅಲ್ಲದೆ, ಎನ್‌ಎಸ್‌ಜಿಯನ್ನು ಗಣ್ಯರ ಕಾವಲಿನಿಂದ ಬಿಡಿಸಿ ಆ ಹೊಣೆಯನ್ನು ಸಿಆರ್‌ಪಿಎಫ್‌ಗೆ ವಹಿಸಲು ಕೇಂದ್ರ 2024ರಲ್ಲೇ ನಿರ್ಧರಿಸಿತು. ಕಪ್ಪು ಸಮವಸ್ತ್ರದ ಕನಸು ಕಾಣುವ ಹುಡುಗರಿಗೆ ಇದನ್ನು ಹೇಳಿದರೆ ಮುಖ ಬಾಡುತ್ತದೆ. ಆದರೂ ಹೇಳಲೇಬೇಕು.

‘ನನ್ನ ಪರಿಚಯದವರೊಬ್ಬರು ನೇರವಾಗಿಯೇ ಸೇರಿಸುತ್ತಾರಂತೆ’ ಎನ್ನುವವರಿಗೆ ಒಂದು ಮಾತು. ಒಬ್ಬ ಹುಡುಗ ಅಂಥ ‘ನೇಮಕಾತಿ ಪತ್ರ’ವನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿಟ್ಟುಕೊಂಡು ನನ್ನ ಬಳಿಗೆ ತಂದಿದ್ದ. ಮೇಲೆ ನಾಲ್ಕು ಸಿಂಹದ ಲಾಂಛನ, ಕೆಳಗೆ ದುಂಡು ಮೊಹರು, ನಡುವೆ ಸಮವಸ್ತ್ರ ಮತ್ತು ತರಬೇತಿಗೆ ‘ಮರಳಿಸಬಹುದಾದ ಠೇವಣಿ’ ಕಟ್ಟಬೇಕೆಂಬ ಸಾಲು. ಆ ಸಾಲು ಓದಿದ ಮೇಲೆ ಉಳಿದದ್ದನ್ನು ಓದುವ ಅಗತ್ಯವೇ ಇರಲಿಲ್ಲ. ಸರ್ಕಾರದ ಯಾವ ಪಡೆಯೂ ಕೆಲಸ ಕೊಡಲು ಠೇವಣಿ ಕೇಳುವುದಿಲ್ಲ. ಅವನ ತಂದೆ ಆಗಲೇ ಹಣ ಕಟ್ಟಿಯಾಗಿತ್ತು. ಈ ಒಂದು ಸುಳ್ಳಿನ ಮೇಲೆ ನನಗೆ ಇಷ್ಟು ಸಿಟ್ಟಿರುವುದು ಅದಕ್ಕೇ.

ನೇರವಾಗಿ ಯಾಕೆ ತೆಗೆದುಕೊಳ್ಳುವುದಿಲ್ಲ ಎಂಬುದಕ್ಕೆ ಚರಿತ್ರೆಯನ್ನೇ ನೋಡಿ. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರಿಗೆ ಅವರ ಮನೆಯ ಆವರಣದಲ್ಲೇ ಗುಂಡು ಹಾರಿಸಿದವರು ಹೊರಗಿನವರಲ್ಲ, ಕಾವಲಿಗಿದ್ದ ಇಬ್ಬರು ಪೊಲೀಸರು. ಎಸ್‌ಪಿಜಿ ಹುಟ್ಟಿದ್ದು ಆ ಆಘಾತದಿಂದ, 1985ರಲ್ಲಿ. ಸೇವೆಯಲ್ಲಿದ್ದವರನ್ನೇ ಜರಡಿ ಹಿಡಿದು ನೋಡುವ ಜಾಗಕ್ಕೆ, ಇನ್ನೂ ಸೇವಾ ಪುಸ್ತಕವೇ ತೆರೆಯದ ಹುಡುಗನನ್ನು ಯಾವ ಧೈರ್ಯದ ಮೇಲೆ ಬಿಟ್ಟುಕೊಳ್ಳುತ್ತಾರೆ?

ಹಾಗಾದರೆ ದಾರಿ? ಎರಡಿವೆ. ನಮ್ಮ ಸಚಿವರು, ಶಾಸಕರ ಹಿಂದೆ ನೀವು ಕಾಣುವ ಗನ್‌ಮ್ಯಾನ್‌ಗಳಲ್ಲಿ ಹೆಚ್ಚಿನವರು ಸಶಸ್ತ್ರ ಮೀಸಲು ಪಡೆಯವರು: ಜಿಲ್ಲೆಯಲ್ಲಿ ಡಿಎಆರ್, ನಗರದಲ್ಲಿ ಸಿಎಆರ್. ರಾಜ್ಯ ಪೊಲೀಸ್ ಇಲಾಖೆ ಸಶಸ್ತ್ರ ಕಾನ್‌ಸ್ಟೆಬಲ್ ಹುದ್ದೆಗಳಿಗೆ ಅರ್ಜಿ ಕರೆದಾಗ ಹಾಕಿ. ಎರಡನೆಯದು, ಸಿಆರ್‌ಪಿಎಫ್‌ನಂತಹ ಕೇಂದ್ರ ಪಡೆಗಳಿಗೆ ಸಿಬ್ಬಂದಿ ನೇಮಕಾತಿ ಆಯೋಗ ನಡೆಸುವ ಕಾನ್‌ಸ್ಟೆಬಲ್ ಜಿಡಿ (ಸಾಮಾನ್ಯ ಕರ್ತವ್ಯ) ಪರೀಕ್ಷೆ. 2024ರಿಂದ ಇದನ್ನು ಕನ್ನಡದಲ್ಲೇ ಬರೆಯಬಹುದು, ಎಸ್ಸೆಸ್ಸೆಲ್ಸಿ ಸಾಕು. ‘ಸಿಆರ್‌ಪಿಎಫ್ ಬೇಡ ಸರ್, ಎಸ್‌ಪಿಜಿಯೇ ಬೇಕು’ ಎನ್ನುವವರು ತಾವು ಮುಚ್ಚುತ್ತಿರುವುದು ಅದೇ ಬಾಗಿಲನ್ನು ಎಂದು ತಿಳಿಯಬೇಕು. ಸಿಆರ್‌ಪಿಎಫ್‌ನಲ್ಲಿ ಗಣ್ಯರ ಭದ್ರತೆಗೆಂದೇ ಪ್ರತ್ಯೇಕ ವಿಭಾಗವಿದೆ.

ಆರಡಿ ಎತ್ತರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಈ ಕೆಲಸದಲ್ಲಿ ತೋಳಿಗಿಂತ ಕಣ್ಣು ದೊಡ್ಡದು. ಜನಸಂದಣಿಯಲ್ಲಿ ಒಳ್ಳೆಯ ಕಾವಲುಗಾರ ನೋಡುವುದು ಮುಖಗಳನ್ನಲ್ಲ, ಕೈಗಳನ್ನು. ಹಾರದ ಹಿಂದೆ ಮರೆಯಾದ ಕೈ, ಶಾಲಿನೊಳಗೆ ಉಳಿದ ಕೈ, ಎಲ್ಲರೂ ಚಪ್ಪಾಳೆ ತಟ್ಟುವಾಗ ಮೇಲೇಳದ ಕೈ.

ನೀವು ಕೇಳಿಲ್ಲ, ಆದರೂ ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ ಇದು: ಕಾವಲುಗಾರ ತಡೆದಾಗ ನಾಯಕರೇ ‘ಬಿಡಿ, ಬರಲಿ’ ಎಂದರೆ? 1991ರ ಮೇ 21ರ ರಾತ್ರಿ ಶ್ರೀಪೆರಂಬುದೂರಿನಲ್ಲಿ ಆದದ್ದು ಅದೇ. ರಾಜೀವ್ ಗಾಂಧಿ ಆಗ ಪ್ರಧಾನಿಯಲ್ಲ. ಎಸ್‌ಪಿಜಿ ಕಾವಲು ಹೋಗಿತ್ತು. ಮಾಜಿ ಪ್ರಧಾನಿಗಳಿಗೂ ಅದನ್ನು ವಿಸ್ತರಿಸಿದ ತಿದ್ದುಪಡಿ ಬಂದದ್ದು ಅವರು ಹೋದ ಮೇಲೆ. ಹಾರ ಹಿಡಿದು ಮುಂದೆ ಬರುತ್ತಿದ್ದ ಹೆಂಗಸನ್ನು ತಮಿಳುನಾಡಿನ ಮಹಿಳಾ ಸಬ್‌ ಇನ್‌ಸ್ಪೆಕ್ಟರ್ ಅನುಸೂಯಾ ತಡೆದರು. ಎಲ್ಲರಿಗೂ ಅವಕಾಶ ಕೊಡಿ ಎಂದು ರಾಜೀವ್ ಹೇಳಿದರು. ಅನುಸೂಯಾ ಸರಿದು ನಿಂತರು. ಆ ಹೆಂಗಸು ಕಾಲಿಗೆ ಬೀಳುವಂತೆ ಬಾಗಿದಳು, ಮೈಗೆ ಕಟ್ಟಿಕೊಂಡಿದ್ದ ಬಾಂಬ್ ಸಿಡಿಸಿದಳು.

ಸತ್ತವರಲ್ಲಿ ರಾಜೀವರ ಅಂಗರಕ್ಷಕ ಪ್ರದೀಪ್ ಕುಮಾರ್ ಗುಪ್ತ ಒಬ್ಬರು. ಅನುಸೂಯಾ ಮೈತುಂಬ ಗಾಯಗಳೊಂದಿಗೆ ಬದುಕಿದರು, ಗುಣವಾದ ಮೇಲೆ ಅದೇ ಪೊಲೀಸ್ ಕೆಲಸಕ್ಕೆ ಮರಳಿದರು.