ಸಹಿ ಬಿದ್ದ ಮೇಲೆ ಏನಾಯ್ತು?

"ಸೆಟ್ಲ್ ಆಯ್ತಾ?" ವಿಚ್ಛೇದನದ ಕೇಸುಗಳಲ್ಲಿ ಮೀಡಿಯೇಟರ್ ಆಗಿ, ಅಂದರೆ ಇಬ್ಬರನ್ನೂ ಕೂರಿಸಿ ಒಪ್ಪಂದಕ್ಕೆ ತರುವ ಮಧ್ಯಸ್ಥಗಾರನಾಗಿ ಕೂರುವ ನನಗೆ ಎಲ್ಲ ಕಡೆಯಿಂದ ಬರುವುದು ಇದೊಂದೇ ಪ್ರಶ್ನೆ. ಹುಡುಗಿಯ ಅಪ್ಪ ಕೇಳುತ್ತಾರೆ, ಹುಡುಗನ ಲಾಯರ್ ಕೇಳುತ್ತಾರೆ. ಕೆಲಸ ಹೇಗೆ ನಡೀತಿದೆ ಅಂತ ಮೌಲ್ಯಮಾಪನ ಮಾಡಲು ಬಂದವರೂ ಅದನ್ನೇ ಕೇಳಿ, ಟಿಕ್ ಹಾಕಿಕೊಂಡು ಹೋಗುತ್ತಾರೆ. ನೂರರಲ್ಲಿ ಇಷ್ಟು ಇತ್ಯರ್ಥ, ಹಾಗಾದರೆ ಕೆಲಸ ಚೆನ್ನಾಗಿದೆ. ಈ ಲೆಕ್ಕ ನನಗೆ ಒಪ್ಪಿಗೆಯಿಲ್ಲ.

ಪರಸ್ಪರ ಒಪ್ಪಿಗೆಯ ವಿಚ್ಛೇದನವನ್ನೇ ತಗೊಳ್ಳಿ. ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 13ಬಿ ಪ್ರಕಾರ ಅರ್ಜಿ ಹಾಕಿ 6 ತಿಂಗಳಾದ ಮೇಲೆ, 18 ತಿಂಗಳೊಳಗೆ ಇಬ್ಬರೂ ಮತ್ತೆ ಕೋರ್ಟಿಗೆ ಬಂದು ಹೌದು ಅನ್ನಬೇಕು. ಆ 6 ತಿಂಗಳು ಕಡ್ಡಾಯವಲ್ಲ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಅದಕ್ಕೆ ಷರತ್ತುಗಳಿವೆ. ಜೀವನಾಂಶ, ಮಗುವಿನ ಜವಾಬ್ದಾರಿ ನಿಜಕ್ಕೂ ಬಗೆಹರಿದಿರಬೇಕು ಅನ್ನುವುದು ಅದರಲ್ಲೊಂದು. ಇನ್ನು, ಡಿಕ್ರಿ, ಅಂದರೆ ಕೋರ್ಟಿನ ವಿಚ್ಛೇದನದ ಆದೇಶ, ಆಗುವವರೆಗೆ ಒಬ್ಬರು ಒಪ್ಪಿಗೆ ವಾಪಸ್ ತಗೊಳ್ಳಬಹುದು ಅಂತ 1991ರಲ್ಲೇ ಅದೇ ಕೋರ್ಟ್ ಹೇಳಿತ್ತು. ಹಾಗೆ ತಗೊಂಡರೆ ಬೇರೆ ಪರಿಣಾಮಗಳೂ ಇರಬಹುದು, ಅದನ್ನು ನಿಮ್ಮ ವಕೀಲರನ್ನೇ ಕೇಳಿ. ನಾನು ಹೇಳುವುದು ಇಷ್ಟೇ: ನಮ್ಮ ಕಡೆ ಒಪ್ಪಂದಕ್ಕೆ ಸಹಿ ಬಿದ್ದ ದಿನವೇ ಅದು "ಇತ್ಯರ್ಥ". ಎಂಟು ತಿಂಗಳಾದ ಮೇಲೆ ಒಪ್ಪಂದ ಮುರಿದುಬಿದ್ದರೆ ಆ ಟಿಕ್ ಅಳಿಸೋಕೆ ಯಾರೂ ಬರುವುದಿಲ್ಲ.

ಮುರಿಯುವುದು ಎಲ್ಲಿ ಗೊತ್ತಾ? "ತಂದೆ ತಿಂಗಳಿಗೆ ಎರಡು ಭಾನುವಾರ ಮಗುವನ್ನು ನೋಡಬಹುದು." ನೋಡೋಕೆ ಚೆನ್ನಾಗಿದೆ, ಅಲ್ವಾ? ಯಾವ ಭಾನುವಾರ? ಎಷ್ಟು ಗಂಟೆಗೆ? ಮಗುವನ್ನು ಕರೆತರುವವರು ಯಾರು, ಅಜ್ಜನಾ, ಅಮ್ಮನಾ? ಪರೀಕ್ಷೆ ಇದ್ದರೆ, ಜ್ವರ ಬಂದರೆ ಆ ಭಾನುವಾರ ಹೋಯಿತೋ, ಮುಂದಿನ ವಾರಕ್ಕೆ ಬರುತ್ತೋ? ಇದನ್ನೆಲ್ಲ ಬರೆಯದೆ ಸಹಿ ಹಾಕಿಸಿದರೆ ಜಗಳ ನಿಂತಿರುವುದಿಲ್ಲ, ಅಪಾರ್ಟ್‌ಮೆಂಟ್ ಗೇಟಿಗೆ ಹೋಗಿರುತ್ತದೆ. ಅಲ್ಲಿ ಅದನ್ನು ನೋಡುವುದು ಮಗು.

ಒಂದು ಜೋಡಿ ಹಣ, ಒಡವೆ, ಸೈಟು ಎಲ್ಲದಕ್ಕೂ ಮೊದಲ ದಿನವೇ ಒಪ್ಪಿಕೊಂಡಿದ್ದರು. ಸಿಕ್ಕಿಕೊಂಡಿದ್ದು ಯುಗಾದಿ. ಮಗಳು ಎಣ್ಣೆಸ್ನಾನ ಮಾಡುವುದು ಯಾರ ಮನೆಯಲ್ಲಿ? "ಸುಮ್ನೆ ಸೈನ್ ಮಾಡಿಸಿ ಸಾರ್, ಹಬ್ಬದ ವಿಷಯ ಆಮೇಲೆ ನೋಡ್ಕೊಳ್ತಾರೆ" ಅಂದರು ಜೊತೆಗೆ ಬಂದಿದ್ದ ಸೋದರಮಾವ. ನಾನು ಒಪ್ಪಲಿಲ್ಲ. ಇನ್ನೆರಡು ಸಲ ಕೂತರು. ಒಂದು ವರ್ಷ ಅಪ್ಪನ ಮನೆ, ಮರುವರ್ಷ ಅಮ್ಮನ ಮನೆ, ಆ ವರ್ಷ ಯುಗಾದಿ ಸಿಗದವರಿಗೆ ದೀಪಾವಳಿ ಅಂತಾಯಿತು. ಅಂಕಿಅಂಶದಲ್ಲಿ ಆ ಎರಡು ದಿನ "ವಿಳಂಬ" ಅಂತ ಕೂತಿದೆ. ನನ್ನ ಪ್ರಕಾರ ಆ ಕೇಸಿನಲ್ಲಿ ನಿಜವಾದ ಕೆಲಸ ನಡೆದಿದ್ದೇ ಆ ಎರಡು ದಿನ.

ಮೌಲ್ಯಮಾಪಕರದೂ ಒಂದು ಕಷ್ಟವಿದೆ, ಒಪ್ಪುತ್ತೇನೆ. ಒಳಗೆ ನಡೆದ ಮಾತು ಗೋಪ್ಯ. 2023ರ ಮಧ್ಯಸ್ಥಿಕೆ ಕಾಯ್ದೆಯೂ ಅದನ್ನೇ ಹೇಳುತ್ತದೆ, ಅದು ಹಾಗೇ ಇರಬೇಕು. ಬಾಗಿಲ ಹೊರಗಿರುವವರಿಗೆ ಕಾಣುವುದು ಆಯ್ತು, ಆಗಲಿಲ್ಲ ಅನ್ನುವುದಷ್ಟೇ. ಆದರೂ ದಾರಿಯಿದೆ. ಅಮೆರಿಕದ ವರ್ಜೀನಿಯಾದಲ್ಲಿ ಮನಶ್ಶಾಸ್ತ್ರಜ್ಞ ರಾಬರ್ಟ್ ಎಮೆರಿ ತಂಡ ಕಸ್ಟಡಿ ಜಗಳದ, ಅಂದರೆ ಮಗು ಯಾರ ಹತ್ತಿರ ಇರಬೇಕು ಅನ್ನುವ ಜಗಳದ ಕುಟುಂಬಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿತ್ತು. ಒಂದು ಗುಂಪು ಮಧ್ಯಸ್ಥಿಕೆಗೆ, ಇನ್ನೊಂದು ಕೋರ್ಟಿನ ಹಾದಿಗೆ. 12 ವರ್ಷ ಬಿಟ್ಟು ಮತ್ತೆ ಹುಡುಕಿಕೊಂಡು ಹೋದರು. ಮಗುವಿನ ಜೊತೆ ವಾಸವಿಲ್ಲದ ತಂದೆ ಅಥವಾ ತಾಯಿ ವಾರಕ್ಕೊಮ್ಮೆಯಾದರೂ ಮಗುವನ್ನು ನೋಡುತ್ತಿದ್ದದ್ದು ಮಧ್ಯಸ್ಥಿಕೆಯ ಗುಂಪಿನಲ್ಲಿ 28 ಶೇಕಡ, ಕೋರ್ಟಿನ ಗುಂಪಿನಲ್ಲಿ 9 ಶೇಕಡ. ಸಣ್ಣ ಅಧ್ಯಯನ, ಬೇರೆ ದೇಶದ್ದು. ಅದರ ಅಂಕಿಗಳನ್ನು ನಮ್ಮ ಊರಿಗೆ ಹಾಗೇ ಹೊಂದಿಸಲಾಗದು. ಆದರೆ ಅವರು ಕೇಳಿದ ಪ್ರಶ್ನೆ ಸರಿಯಾಗಿತ್ತು.

ಇನ್ನೊಂದು ವಿಷಯ, ಇದರಲ್ಲಿ ನಾನು ಸಡಿಲ ಬಿಡುವುದಿಲ್ಲ. ಕೆಲವು ಕೇಸು ಸೆಟ್ಲ್ ಆಗದಿರುವುದೇ ಒಳ್ಳೆಯ ಕೆಲಸ. ಗಂಡ ಬಾಯಿ ತೆಗೆದ ಕೂಡಲೇ ಹೆಂಡತಿ ಸೆರಗಿನ ಅಂಚು ಮುದುರಿಕೊಂಡು ಎಲ್ಲದಕ್ಕೂ "ಹೂಂ" ಅನ್ನುತ್ತಿದ್ದರೆ ಅದು ಒಪ್ಪಿಗೆಯಲ್ಲ, ಭಯ. ಆಗ ಬೇರೆ ಬೇರೆಯಾಗಿ ಕೂರಿಸಿ ಮಾತಾಡಬೇಕು. ಹೊಡೆತ, ಬೆದರಿಕೆ ಇದೆ ಅಂತ ಗೊತ್ತಾದರೆ ಕಡತವನ್ನು ಕೋರ್ಟಿಗೆ ವಾಪಸ್ ಕಳಿಸಬೇಕಾಗಿ ಬರಬಹುದು. ಪಟ್ಟಿಯಲ್ಲಿ ಅದು "ವಿಫಲ". ಅಂಥ ವಿಫಲಗಳಿಗೆ ಹೆದರುವ ಮೀಡಿಯೇಟರ್ ಹತ್ತಿರ ನನ್ನ ಮನೆಯ ಹೆಣ್ಣುಮಗಳನ್ನಂತೂ ಕಳಿಸಲಾರೆ.

ಮೌಲ್ಯಮಾಪನ ಮಾಡುವವರಿಗೆ ನನ್ನ ಕೋರಿಕೆ ಜಾಸ್ತಿಯಿಲ್ಲ. ಸಹಿ ಹಾಕುವ ದಿನವೇ ಇಬ್ಬರ ಅನುಮತಿ ಪಡೆದು, 6 ತಿಂಗಳಾದ ಮೇಲೆ ಒಮ್ಮೆ, ವರ್ಷವಾದ ಮೇಲೆ ಇನ್ನೊಮ್ಮೆ ಫೋನ್ ಮಾಡಿ. ದುಡ್ಡು ಬಂತಾ? ಮಗುವನ್ನು ನೋಡಿದಿರಾ? ನಿಮ್ಮ ಮಾತು ಹೇಳೋಕೆ ಅವತ್ತು ಅವಕಾಶ ಸಿಕ್ಕಿತ್ತಾ? ಇಷ್ಟು ಕೇಳಿದರೆ ಸಾಕು. ಕೇಸಿಗೆ ಬಂದವರೂ ಕರಡನ್ನು ಒಂದು ರಾತ್ರಿ ಮನೆಗೆ ತಗೊಂಡು ಹೋಗಿ ಓದಿ, ವಕೀಲರಿಗೆ ತೋರಿಸಿ. ನಾಳೆ ಬೆಳಿಗ್ಗೆ ಮಗುವನ್ನು ಎಲ್ಲಿಂದ, ಯಾರು, ಎಷ್ಟು ಗಂಟೆಗೆ ಕರೆದುಕೊಂಡು ಹೋಗುತ್ತಾರೆ ಅಂತ ಅದರಲ್ಲಿ ಇಲ್ಲದಿದ್ದರೆ ಸಹಿ ಹಾಕಬೇಡಿ, ಇನ್ನೊಂದು ದಿನಾಂಕ ಕೇಳಿ.