ಒಂದೇ ಸಲಕ್ಕೆ ಮುಗಿಯದ ಮುಖ

"ಒಂದೇ ಆಪರೇಷನ್‌ಗೆ ಮುಗಿಯುವುದಿಲ್ಲವೇ, ಡಾಕ್ಟರೇ?" ಮುಖ ಸುಟ್ಟುಕೊಂಡು ನನ್ನ ಮುಂದೆ ಕೂರುವವರ ಮೊದಲ ಪ್ರಶ್ನೆ ಇದು. ಇಲ್ಲ ಎನ್ನುವಾಗಲೆಲ್ಲ ನನಗೆ ಹೆರಾಲ್ಡ್ ಗಿಲ್ಲೀಸ್ ನೆನಪಾಗುತ್ತಾರೆ.

ನ್ಯೂಜಿಲೆಂಡಿನಲ್ಲಿ 1882ರಲ್ಲಿ ಹುಟ್ಟಿದ ಅವರು ಲಂಡನ್ನಿನಲ್ಲಿ ಕಿವಿ, ಮೂಗು, ಗಂಟಲಿನ ವೈದ್ಯರಾಗಿದ್ದರು. ಮೊದಲ ಮಹಾಯುದ್ಧದಲ್ಲಿ ಕಂದಕದಿಂದ ತಲೆಯೆತ್ತಿದವರ ಮುಖವೇ ಗುಂಡಿಗೆ ಸಿಗುತ್ತಿತ್ತು. ಅಂಥ ಗಾಯಗಳನ್ನು ಫ್ರಾನ್ಸಿನಲ್ಲಿ ಕಂಡು ಬಂದ ಗಿಲ್ಲೀಸ್, 1916ರಲ್ಲಿ ಇಂಗ್ಲೆಂಡಿನ ಆಲ್ಡರ್‌ಶಾಟ್‌ನ ಸೇನಾ ಆಸ್ಪತ್ರೆಯಲ್ಲಿ ಪ್ರತ್ಯೇಕ ವಾರ್ಡ್ ಶುರುಮಾಡಿದರು. ಸೊಮ್ ಕದನದ ಬಳಿಕ ಸುಮಾರು 2,000 ಗಾಯಾಳುಗಳು ಬಂದಿಳಿದರು. ಮರುವರ್ಷ ಲಂಡನ್ ಬಳಿಯ ಸಿಡ್‌ಕಪ್‌ನಲ್ಲಿ ಇದಕ್ಕೆಂದೇ ಆಸ್ಪತ್ರೆ ಎದ್ದಿತು. ಅದರ ವಾರ್ಡುಗಳಲ್ಲಿ ಕನ್ನಡಿಗೆ ಪ್ರವೇಶವಿರಲಿಲ್ಲ.

ಎದೆಯ ಚರ್ಮವನ್ನು ಮುಖಕ್ಕೆ ತರುವಾಗ ಅದರ ಒಂದು ತುದಿ ಎದೆಗೇ ಅಂಟಿಕೊಂಡಿರಬೇಕು, ರಕ್ತ ಬರುವುದು ಅಲ್ಲಿಂದ. ಆದರೆ ಆ ಪಟ್ಟಿಯ ಒಳಮೈ ಹಸಿಗಾಯ. ಆ್ಯಂಟಿಬಯಾಟಿಕ್ ಇಲ್ಲದ ಕಾಲದಲ್ಲಿ ಕೀವಾಗುತ್ತಿತ್ತು. 1917ರ ಅಕ್ಟೋಬರಿನಲ್ಲಿ, ಜಟ್ಲೆಂಡ್ ಕದನದಲ್ಲಿ ಸುಟ್ಟುಹೋಗಿದ್ದ ನಾವಿಕ ವಿಲ್ಲಿ ವಿಕರೇಜ್‌ಗೆ ಶಸ್ತ್ರಚಿಕಿತ್ಸೆ ನಡೆಸುತ್ತಿದ್ದಾಗ, ಪಟ್ಟಿಯ ಅಂಚುಗಳು ತಾವಾಗಿಯೇ ಒಳಕ್ಕೆ ಮಡಚಿಕೊಳ್ಳುವುದನ್ನು ಗಿಲ್ಲೀಸ್ ಗಮನಿಸಿದರು. ಎರಡೂ ಅಂಚು ಸೇರಿಸಿ ಹೊಲಿದರು. ಪಟ್ಟಿ ಕೊಳವೆಯಾಯಿತು: ಹೊರಗೆಲ್ಲ ಚರ್ಮ, ಒಳಗೆ ಹರಿಯುವ ರಕ್ತ, ಹಸಿಮೈ ಎಲ್ಲೂ ಇಲ್ಲ. ಒಡೆಸ್ಸಾದಲ್ಲಿ ಫಿಲಾಟೊವ್ ಎಂಬ ವೈದ್ಯರು ಇದೇ ಉಪಾಯವನ್ನು ಸ್ವತಂತ್ರವಾಗಿ ಕಂಡುಕೊಂಡಿದ್ದರು.

ಗಿಲ್ಲೀಸ್ ಅವರ ಗೆಲುವುಗಳಿಗಿಂತ ನನ್ನನ್ನು ಹೆಚ್ಚು ಕಾಡುವುದು ಒಂದು ಸೋಲು. ಮುಖ ಪೂರ್ತಿ ಸುಟ್ಟಿದ್ದ ವಿಮಾನ ಚಾಲಕ ಹೆನ್ರಿ ಲಮ್ಲಿಗೆ ಎದೆಯ ಚರ್ಮದ ಭಾರೀ ತುಂಡನ್ನು ಒಟ್ಟಿಗೇ ಹೊದಿಸಿದರು. ಸೋಂಕು ತಗುಲಿ ಚರ್ಮ ಕೊಳೆಯಿತು. 1918ರಲ್ಲಿ ಆ ಯುವಕ ತೀರಿಕೊಂಡ. ಅಲ್ಲಿಂದ ಮುಂದೆ ಸ್ವಲ್ಪಸ್ವಲ್ಪವಾಗಿ, ಹಂತಹಂತವಾಗಿ ಮಾಡುವುದೇ ಅವರ ಪದ್ಧತಿಯಾಯಿತು. ನಾಳೆಗೆ ಮುಂದೂಡಬಹುದಾದದ್ದನ್ನು ಇಂದು ಮಾಡಬೇಡಿ ಎಂದು ಶಿಷ್ಯರಿಗೆ ಹೇಳುತ್ತಿದ್ದರಂತೆ. ಸೋಮಾರಿಯ ಮಾತಿನಂತೆ ಕೇಳಿಸುತ್ತದೆ, ಅಲ್ಲವೇ? ಸಿಡ್‌ಕಪ್‌ನಲ್ಲಿ 5,000ಕ್ಕೂ ಹೆಚ್ಚು ಜನರಿಗೆ ನಡೆದ ಶಸ್ತ್ರಚಿಕಿತ್ಸೆಗಳು 11,000 ದಾಟಿದವು.

ಈಗ ಕೊಳವೆ ಅಪರೂಪ. ಸೂಕ್ಷ್ಮದರ್ಶಕದಡಿ ಎರಡು ಮಿಲಿಮೀಟರಿನ ರಕ್ತನಾಳಗಳನ್ನೇ ಜೋಡಿಸುತ್ತೇವೆ. ಆದರೂ ಮೊದಲ ರಾತ್ರಿ ನರ್ಸ್ ಗಂಟೆಗೊಮ್ಮೆ ಬಂದು ಹೊಸ ಚರ್ಮವನ್ನು ಬೆರಳಿನಿಂದ ಒತ್ತುತ್ತಾರೆ. ಬಿಳಿಚಿದ ಜಾಗಕ್ಕೆ ಎರಡು ಮೂರು ಸೆಕೆಂಡಿನಲ್ಲಿ ಬಣ್ಣ ಮರಳಿದರೆ ಸರಿ. ಚರ್ಮ ನೀಲಿಗಟ್ಟಿದರೆ ನನಗೆ ಫೋನ್ ಬರುತ್ತದೆ.